ಹೆಸರುಕಾಳಿನಷ್ಟು ಗಂಟು

ಸೋಮನೂರು,
ಶನಿವಾರ, 12-12-1936

ನನ್ನ ತಂಗಿ ಶಾರದಳಿಗೆ,

ನಿನ್ನ ಅಕ್ಕ ಸುಬ್ಬಾತಾಳ್ ಬರೆಯುತ್ತಿರುವ ಕಾಗದ. ಹರಸುವ ಮಾತು, ಕ್ಷೇಮ ಕೇಳುವ ಮಾತು ಎಲ್ಲ ಆಮೇಲೆ. ಮೊದಲು ಇದನ್ನು ಓದಿಕೋ: ರುಕ್ಕು ಚೆನ್ನಾಗಿದ್ದಾಳೆ. ಈಗ ನನ್ನ ಎದುರಿಗೇ ಮಗ್ಗದ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ರೊಟ್ಟಿ ತಿನ್ನುತ್ತಿದ್ದಾಳೆ. ನಿನ್ನ ಭಾವನಿಗೆ ಲಾಳಿ ಎಸೆಯಲು ಬಿಡದೆ ಏನೋ ಕಥೆ ಹೇಳುತ್ತಿದ್ದಾಳೆ. ಇಷ್ಟನ್ನು ಎರಡು ಸಲ ಓದಿ, ಮನಸ್ಸು ಗಟ್ಟಿ ಮಾಡಿಕೊಂಡು ಆಮೇಲೆ ಮುಂದಕ್ಕೆ ಹೋಗು.

ನಿನಗೆ ಹೇಳದೆ ಒಂದು ದೊಡ್ಡ ಕೆಲಸ ಮಾಡಿದ್ದೇನೆ. ಹೋದ ತಿಂಗಳು ಹದಿನೆಂಟನೇ ತಾರೀಖು ಕೊಯಮತ್ತೂರಿನ ಆಸ್ಪತ್ರೆಯಲ್ಲಿ ನಿನ್ನ ಮಗಳಿಗೆ ಆಪರೇಷನ್ ಆಯಿತು. ಬಲಗಿವಿಯ ಕೆಳಗಿದ್ದ ಗಂಟನ್ನು ತೆಗೆದರು. ಮೊನ್ನೆ ಮಂಗಳವಾರ ಮದ್ರಾಸಿನಿಂದ ಅದರ ವರದಿ ಬಂತು. ಕೆಟ್ಟ ಗಂಟಲ್ಲವಂತೆ. ಆ ಮಾತು ಡಾಕ್ಟರ ಬಾಯಿಂದ ಬರುವವರೆಗೆ ನಿನಗೆ ಕಾಗದ ಹಾಕಲಿಲ್ಲ. ಅಕ್ಕ ಹೆದರಿ ಬರೆಯಲಿಲ್ಲ ಎಂದು ನೀನು ಅಂದುಕೊಳ್ಳುತ್ತೀಯ, ನೀನು ಯಾವಾಗಲೂ ಒಳ್ಳೆಯದನ್ನೇ ಅಂದುಕೊಳ್ಳುವವಳು. ಹೆದರಿಕೆ ಇತ್ತು, ನಿಜ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅದನ್ನು ಹೇಳುವುದಕ್ಕೇ ಈ ಕಾಗದ.

ಈ ಬೀದಿಯಲ್ಲಿ ಎಲ್ಲ ಮನೆಯಲ್ಲೂ ಕನ್ನಡ ಮಾತಾಡುತ್ತಾರೆ, ಆದರೆ ಕನ್ನಡ ಅಕ್ಷರ ಓದಲು ಬರುವುದು ನನಗೊಬ್ಬಳಿಗೆ. ನಿನ್ನ ಭಾವನಿಗೂ ಬರದು. ಅಲ್ಲಿ ವಾಲ್ಪಾರೈ ಬೆಟ್ಟದ ಎಸ್ಟೇಟಿನಲ್ಲಿ ನಿನಗೊಬ್ಬಳಿಗೆ. ಅಪ್ಪ ಸೀರೆಯ ಗಂಟು ಹೊತ್ತು ದಿಂಬಂ ಘಾಟಿ ಹತ್ತಿ ಚಾಮರಾಜನಗರದ ಸಂತೆಗೆ ಹೋಗಿ, ಅಲ್ಲಿ ಕಲಿತ ಅಕ್ಷರವನ್ನು ನಮ್ಮಿಬ್ಬರಿಗೆ ಮರಳಿನ ಮೇಲೆ ತಿದ್ದಿಸಿದ್ದರಿಂದ ಇವತ್ತು ನಾವಿಬ್ಬರು ಬೇರೆ ಯಾರಿಗೂ ತಿಳಿಯದ ಹಾಗೆ ಏನು ಬೇಕಾದರೂ ಬರೆದುಕೊಳ್ಳಬಹುದು. ಆಗಲೂ ಅಪ್ಪ ನಿನ್ನ ದುಂಡಕ್ಷರವನ್ನು ಬಂದವರಿಗೆಲ್ಲ ಕರೆದು ತೋರಿಸುತ್ತಿದ್ದರು. ನನ್ನದು ಹುಣಿಸೆಬೀಜ ಚೆಲ್ಲಿದ ಹಾಗಿದೆ ಎಂದು ನಗುತ್ತಿದ್ದರು. ನೀನು ಮರೆತಿರುತ್ತೀಯ. ಹೊಗಳಿಸಿಕೊಂಡವರಿಗೆ ಅಂಥದ್ದು ನೆನಪಿರುವುದಿಲ್ಲ.

ನಿನಗೆ ಎಲ್ಲವೂ ತಾನಾಗಿ ಬಂತು, ಶಾರದಾ. ಎಸ್ಟೇಟ್ ಆಫೀಸಿನಲ್ಲಿ ರೈಟರ್ ಕೆಲಸದ ಗಂಡ ಬಂದ. ಮದುವೆಯಾದ ಮರುವರ್ಷವೇ ರುಕ್ಕು, ಆಮೇಲೆ ಎರಡು ಗಂಡುಮಕ್ಕಳು. ನನಗೆ ಈ ಮನೆಗೆ ಬಂದು ಹದಿಮೂರು ವರ್ಷ. ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ, ಗಂಜಿ ಹಾಕಿದ ನೂಲನ್ನು ಬೀದಿಯುದ್ದ ಎಳೆಯುತ್ತ, ಯಾರ ಮನೆಯಲ್ಲಿ ತೊಟ್ಟಿಲಿಟ್ಟರೂ ಎಲೆ ಅಡಿಕೆ ತಗೊಂಡು ಬರುತ್ತ ಕಳೆದೆ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ನನಗೇ ಗೊತ್ತಿರಲಿಲ್ಲ. ತಂಗಿಯ ಮೇಲಿನ ಅಕ್ಕರೆ ಎಂದೇ ಅದನ್ನು ಇಷ್ಟು ವರ್ಷ ಕರೆದುಕೊಂಡಿದ್ದೆ.

ಮೂರು ವರ್ಷದ ಹಿಂದೆ ನಿಮ್ಮ ಬೆಟ್ಟದಲ್ಲಿ ಜ್ವರ ಬಂದು ಕೂಲಿಯವರ ಲೈನ್ ಮನೆಗಳಲ್ಲಿ ಕೂಸುಗಳು ಹೋದಾಗ, ನೀನು ಬಸುರಿ, ರುಕ್ಕುವನ್ನು ಇಲ್ಲಿಗೆ ಕಳಿಸಿದೆಯಲ್ಲ. ನಿನ್ನ ಯಜಮಾನರು ತಿರುಮಲೈಸಾಮಿಯವರು ನಾಲ್ಕು ವರ್ಷದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ನಿನ್ನ ಕಾಗದ, ನಾಲ್ಕು ಪುಟ. ಬಾಳೆಹಣ್ಣು ಕೊಟ್ಟರೆ ಶೀತ ಆಗುತ್ತದೆ, ಮಲಗುವಾಗ ಬಲಗೈ ಹಿಡಿದುಕೊಳ್ಳಬೇಕು, ಹೀಗೆಲ್ಲ. ಮೂರನೆಯ ಪುಟದಲ್ಲಿ ಬರೆದಿದ್ದೆ: “ಅಕ್ಕ, ಬಲಗಿವಿಯ ಹಾಲೆಯ ಕೆಳಗೆ ಒಂದು ಸಣ್ಣ ಗಂಟಿದೆ. ಎರಡು ವರ್ಷದವಳಿದ್ದಾಗ ಮೊದಲು ಕಂಡೆ, ಆಗ ಹೆಸರುಕಾಳಿನಷ್ಟಿತ್ತು. ಈಗ ಕಡಲೆಕಾಳಿನಷ್ಟು. ಒತ್ತಿದರೆ ಜಾರುತ್ತದೆ, ನೋವಿಲ್ಲ. ನಮ್ಮ ಎಸ್ಟೇಟಿನ ಕಂಪೌಂಡರ್ ಏನಿಲ್ಲ ಎಂದರು. ನೀನು ಒಂದು ಕಣ್ಣಿಟ್ಟಿರು. ಬೆಳೆದ ಹಾಗೆ ಕಂಡರೆ ಬರೆ.”

ನನಗೆ ಆ ಸಾಲು ಓದಿ ರೇಗಿತು. ಕಳಿಸಿಕೊಟ್ಟ ಮೇಲೂ ಮಗುವಿನ ಮೈಯ ಒಂದೊಂದು ಅಂಗುಲಕ್ಕೂ ನಿನ್ನದೇ ಗುರುತು ಹಾಕಿ ಕಳಿಸಿದ್ದೀಯ ಎನ್ನಿಸಿತು. ಅವತ್ತೇ ಎಣ್ಣೆ ಹಚ್ಚುವ ನೆಪದಲ್ಲಿ ಹುಡುಕಿದೆ. ಸಿಕ್ಕಿತು. ಬೆರಳ ಕೆಳಗೆ ಜಾರಿತು. ನಾನು ನಿನಗೆ ಏನು ಬರೆದೆ ನೆನಪಿದೆಯಾ? “ಅಂಥದ್ದೇನೂ ಇಲ್ಲ, ನಿನ್ನ ಕಣ್ಣಿನ ಭ್ರಮೆ” ಎಂದು ಬರೆದೆ.

ಆಮೇಲೆ ಮರೆತುಬಿಟ್ಟೆ ಎಂದರೆ ಅದು ಸುಳ್ಳು. ಪ್ರತಿ ಶುಕ್ರವಾರ ತಲೆಗೆ ಎರೆಯುವಾಗ ಕೈ ಅಲ್ಲಿಗೆ ಹೋಗುತ್ತಿತ್ತು. ಹೋದಾಗಲೆಲ್ಲ ನಿನ್ನ ಮೂರನೆಯ ಪುಟ ನೆನಪಾಗುತ್ತಿತ್ತು. ಕೈ ತೆಗೆದು ಬೇರೆ ಕಡೆ ತಿಕ್ಕುತ್ತಿದ್ದೆ.

ಈ ಸಲ ಆಗಸ್ಟ್ ಕೊನೆಗೆ, ಆವಣಿ ತಿಂಗಳಲ್ಲಿ, ಎದುರುಮನೆ ಕುಪ್ಪಮ್ಮ ರುಕ್ಕುವಿಗೆ ಜಡೆ ಹಾಕಲು ಕೂರಿಸಿಕೊಂಡವಳು, ಅಲ್ಲಿಂದಲೇ ಕೂಗಿದಳು: “ಸುಬ್ಬಕ್ಕಾ, ಇದೇನು ಮಗುವಿನ ಕಿವಿ ಕೆಳಗೆ ನೆಲ್ಲಿಕಾಯಿ ಇಟ್ಟ ಹಾಗಿದೆ?” ಬೀದಿಗೆಲ್ಲ ಕೇಳಿಸಿತು. ಇನ್ನು ಕಾಣದ ಹಾಗೆ ಇರಲು ಸಾಧ್ಯವಿರಲಿಲ್ಲ. ಮಂಗನಬಾವು ಇರಬೇಕು ಎಂದು ಅವಳೇ ತೀರ್ಮಾನ ಮಾಡಿದಳು. ಇಲ್ಲಿಯವರು ಅದಕ್ಕೆ ಪೊನ್ನುಕ್ಕು ವೀಂಗಿ ಎನ್ನುತ್ತಾರೆ, ಚಿನ್ನ ತೊಡಿಸಿದರೆ ಇಳಿಯುತ್ತದೆ ಎಂದು ನಂಬಿಕೆ. ತನ್ನ ಕೊರಳಿನ ಚಿನ್ನದ ಎಳೆಯನ್ನೇ ಬಿಚ್ಚಿ ರುಕ್ಕುವಿಗೆ ಹಾಕಿದಳು. ಒಂಬತ್ತು ದಿನ ಹಾಕಿಕೊಂಡು ನಿನ್ನ ಮಗಳು ಬೀದಿಯಲ್ಲಿ ಮೆರೆದಳು. ಜ್ವರ ಬರಲಿಲ್ಲ, ನೋವು ಬರಲಿಲ್ಲ, ಗಂಟು ಇಳಿಯಲೂ ಇಲ್ಲ.

ಆ ವಾರವೇ ನಿನ್ನ ಕಾಗದ ಬಂತು. ಎಸ್ಟೇಟಿನಲ್ಲಿ ನೀರು ನಿಂತ ಕಡೆಗೆಲ್ಲ ಸೊಳ್ಳೆಗೆ ಎಣ್ಣೆ ಹೊಡೆಯುತ್ತಿದ್ದಾರೆ, ಜ್ವರ ಕಡಿಮೆಯಾಗಿದೆ, ಶಾಲೆಯೂ ತೆರೆದಿದ್ದಾರೆ, ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಬಂದು ರುಕ್ಕುವನ್ನು ಕರೆದುಕೊಂಡು ಹೋಗುತ್ತೇವೆ ಎಂದು. “ನಿನಗೆ ಬಹಳ ತೊಂದರೆ ಕೊಟ್ಟೆ ಅಕ್ಕ” ಎಂದು ಬೇರೆ ಬರೆದಿದ್ದೆ. ತೊಂದರೆ! ಆ ಶಬ್ದವನ್ನು ನಾನು ಎಷ್ಟು ದಿನ ಅಗಿದೆನೋ. ಗಂಟಿನ ವಿಷಯ ಬರೆದರೆ ನೀನು ತೈ ತಿಂಗಳವರೆಗೆ ಕಾಯುವುದಿಲ್ಲ, ಮಾರನೆಯ ಬಸ್ಸಿಗೇ ಇಳಿದು ಬರುತ್ತೀಯ ಎಂದು ಗೊತ್ತಿತ್ತು. ಬರೆಯಲಿಲ್ಲ.

ತಿರುಪ್ಪೂರಿನಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ಕುತ್ತಿಗೆಯನ್ನೆಲ್ಲ ಒತ್ತಿ ನೋಡಿ, ಇದು ಗಂಡಮಾಲೆ, ಕ್ಷಯದ ಗಂಟು, ಹಾಲು ಕೊಡಿ, ಬಿಸಿಲಲ್ಲಿ ಕೂರಿಸಿ ಎಂದು ಮೀನೆಣ್ಣೆಯ ಸೀಸೆ ಕೊಟ್ಟರು. ನಮ್ಮ ಮನೆಯೊಳಗೆ ಮೀನೆಣ್ಣೆ! ಹಿತ್ತಲಲ್ಲಿ ನಿಲ್ಲಿಸಿ, ಮೂಗು ಹಿಡಿದು, ಬೆಲ್ಲ ತಿನ್ನಿಸಿ ಕುಡಿಸಿದೆ. ಐದು ವಾರ ಕುಡಿದಳು. ಹೋದ ಹೋದಲ್ಲೆಲ್ಲ ವಾಂತಿ. ಗಂಟು ಇದ್ದ ಹಾಗೇ ಇತ್ತು. ಕೊನೆಗೆ ಅವರೇ, ತಮಗೆ ಇದು ಬಗೆಹರಿಯುತ್ತಿಲ್ಲ, ಕೊಯಮತ್ತೂರಿನಲ್ಲಿ ದೇವರಾಜನ್ ಎಂಬ ಸರ್ಜನ್ ಇದ್ದಾರೆ, ಅವರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು.

ಅಕ್ಟೋಬರ್ ಕೊನೆಯ ವಾರ ಬೆಳಗಿನ ರೈಲಿಗೆ ಮೂವರೂ ಹೋದೆವು. ಡಾಕ್ಟರ್ ದೇವರಾಜನ್ ನೆರೆತ ತಲೆಯವರು, ಮೆಲ್ಲಗೆ ಮಾತಾಡುತ್ತಾರೆ. ಕೈ ಬಿಸಿನೀರಿನಲ್ಲಿ ತೊಳೆದು, ಬೆಚ್ಚಗಾದ ಮೇಲೇ ಮಗುವನ್ನು ಮುಟ್ಟಿದರು. ಗಂಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಬಾಯಿ ತೆರೆಸಿ ಕೆನ್ನೆಯ ಒಳಮೈ ನೋಡಿದರು. ಒಂದು ನಿಂಬೆಹೋಳನ್ನು ನಾಲಿಗೆಯ ಮೇಲೆ ಇಡಿಸಿ ಗಂಟನ್ನೇ ನೋಡುತ್ತ ಕೂತರು. ಜೊಲ್ಲು ಇಳಿಯುವ ದಾರಿ ಕಟ್ಟಿದ್ದರೆ ಹುಳಿ ತಿಂದಾಗ ಬಾವು ಉಬ್ಬುತ್ತದಂತೆ. ಉಬ್ಬಲಿಲ್ಲ. ಆಮೇಲೆ ಕಣ್ಣು ಬಿಗಿಯಾಗಿ ಮುಚ್ಚು ಎಂದರು, ಹಲ್ಲು ಕಿರಿ ಎಂದರು, ಕೆನ್ನೆ ಉಬ್ಬಿಸು, ಸಿಳ್ಳೆ ಹಾಕು ಎಂದರು. ರುಕ್ಕುವಿಗೆ ಆಸ್ಪತ್ರೆ ಎಂದರೆ ಇಷ್ಟು ಚೆನ್ನಾಗಿರುತ್ತದೆ ಎಂದು ಗೊತ್ತಿರಲಿಲ್ಲ. ಕೇಳಿದ್ದಕ್ಕಿಂತ ಎರಡು ಸಲ ಹೆಚ್ಚು ಹಲ್ಲು ಕಿರಿದಳು.

ಡಾಕ್ಟರು ನನ್ನ ಕಡೆ ತಿರುಗಿ, “ನೀವು ತಾಯಿಯಾ?” ಎಂದು ಕೇಳಿದರು.

“ಹೌದು” ಎಂದೆ.

ನಿನ್ನ ಭಾವ ನೆಲ ನೋಡಿದರು. ರುಕ್ಕು ನನ್ನನ್ನು ದೊಡ್ಡವ್ವ, ದೊಡ್ಡವ್ವ ಎಂದು ಸೆರಗು ಎಳೆಯುತ್ತಲೇ ಇದ್ದಳು. ಅಲ್ಲಿಯ ನರ್ಸಿಗೆ ಕನ್ನಡ ಬರದು. ಕನ್ನಡದವರು ತಾಯಿಯನ್ನು ಹಾಗೆ ಕರೆಯುತ್ತಾರೆ ಎಂದುಕೊಂಡಿರಬೇಕು, ಅವಳೂ ನಗುತ್ತ ನನ್ನನ್ನು “ದೊಡ್ಡವ್ವಾ” ಎಂದು ಕರೆದಳು. ನನಗೆ ಎಷ್ಟು ಹಿತವಾಯಿತು ಗೊತ್ತಾ?

“ಇದು ಯಾವಾಗಿನಿಂದ ಇದೆ?” ಎಂದು ಕೇಳಿದರು.

“ಎರಡು ತಿಂಗಳಿಂದ” ಎಂದೆ.

“ಅದಕ್ಕೆ ಮುಂಚೆ ಸಣ್ಣದಾಗಿ ಏನಾದರೂ ಇತ್ತಾ? ಚೆನ್ನಾಗಿ ಯೋಚನೆ ಮಾಡಿ ಹೇಳಿ.”

“ಏನೂ ಇರಲಿಲ್ಲ. ವಾರವಾರ ತಲೆಗೆ ಎರೆಯುವವಳು ನಾನು. ಇದ್ದಿದ್ದರೆ ನನಗೆ ತಿಳಿಯುತ್ತಿರಲಿಲ್ಲವೇ?” ಎಂದೆ.

ತಾಯಿ ಎಂದು ಹೇಳಿಕೊಂಡ ಮೇಲೆ ಐದು ವರ್ಷದಿಂದ ಇತ್ತು ಎಂದು ಹೇಗೆ ಹೇಳಲಿ? ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಅದೂ ಅಲ್ಲದೆ, ಮೊದಲು ಕಂಡವಳು ಇನ್ನೊಬ್ಬಳು ಎಂದು ಹೇಳಬೇಕಾಗುತ್ತದೆ. ನಿನ್ನ ಹೆಸರು ಆ ಕೋಣೆಯೊಳಗೆ ಬರುವುದು ನನಗೆ ಬೇಡವಾಗಿತ್ತು.

ಡಾಕ್ಟರು ದಾರದಿಂದ ಗಂಟಿನ ಅಳತೆ ತಗೊಂಡು ಬರೆದುಕೊಂಡರು, ಒಂದು ವಾರ ಬಿಟ್ಟು ಬನ್ನಿ ಎಂದರು. ಹೋದೆವು. ಮತ್ತೆ ಎಲ್ಲ ನೋಡಿ, ರುಕ್ಕುವನ್ನು ನಿನ್ನ ಭಾವನ ಜೊತೆ ಹೊರಗೆ ಕಳಿಸಿ ನನ್ನೊಬ್ಬಳನ್ನು ಕೂರಿಸಿಕೊಂಡು ಹೇಳಿದರು. ಕಿವಿಯ ಕೆಳಗೆ ಜೊಲ್ಲು ಊರುವ ಒಂದು ಗ್ರಂಥಿ ಇರುತ್ತದಂತೆ. ಗಂಟು ಇರುವುದು ಅದರಲ್ಲಿ. ಮಕ್ಕಳಿಗೆ ಅಲ್ಲಿ ಗಂಟು ಬರುವುದೇ ಬಹಳ ಅಪರೂಪ, ಅವರ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಇದು ಎರಡನೆಯ ಮಗು. ಬಂದಾಗ ದೊಡ್ಡವರಿಗಿಂತ ಮಕ್ಕಳಲ್ಲಿ ಕೆಟ್ಟದ್ದಿರಬಹುದೆಂಬ ಅನುಮಾನ ಹೆಚ್ಚು.

“ಕೈಗೆ ಸಿಗುವುದೆಲ್ಲ ಒಳ್ಳೆಯ ಲಕ್ಷಣವೇ ಅಮ್ಮ. ಗಂಟು ಜಾರುತ್ತದೆ, ನೋವಿಲ್ಲ, ಮುಖದ ಎರಡೂ ಕಡೆ ಸಮನಾಗಿ ಆಡುತ್ತದೆ. ಆದರೆ ಎರಡು ತಿಂಗಳಲ್ಲಿ ಏನೂ ಇಲ್ಲದ ಜಾಗದಲ್ಲಿ ಇಷ್ಟು ದೊಡ್ಡದು ಬೆಳೆದಿದೆ ಎಂದರೆ ಆ ಲಕ್ಷಣಗಳನ್ನು ನಾನು ನಂಬುವ ಹಾಗಿಲ್ಲ. ಅಷ್ಟು ಬೇಗ ಬೆಳೆಯುವುದು ಕೆಟ್ಟ ಗಂಟು” ಎಂದರು.

ಏನು ಮಾಡುತ್ತೀರಿ ಎಂದು ಕೇಳಿದೆ. ಮುಖ ಆಡಿಸುವ ನರ ಆ ಗ್ರಂಥಿಯ ನಡುವೆಯೇ ಹಾದುಹೋಗುತ್ತದಂತೆ. ಕೆಟ್ಟದ್ದಾದರೆ ಸುತ್ತಲಿನದನ್ನೆಲ್ಲ ಸೇರಿಸಿ ಕತ್ತರಿಸಬೇಕು, ನರವನ್ನೂ. ಬಲಗಡೆಯ ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಬಾಯಿ ಒಂದು ಕಡೆಗೆ ಜೋತು ಬೀಳುತ್ತದೆ, ಜೀವಮಾನವೆಲ್ಲ ಹಾಗೇ. ಆಮೇಲೆ ಮದ್ರಾಸಿಗೆ ಕಳಿಸಿ ರೇಡಿಯಂ ಇಡಿಸಬೇಕು. “ನಿಧಾನವಾಗಿ ಬೆಳೆದದ್ದಾಗಿದ್ದರೆ ನರ ಉಳಿಸಿ ಗಂಟನ್ನಷ್ಟೇ ಬಿಡಿಸುತ್ತಿದ್ದೆ. ಮಗುವಿನ ಜೀವ ಮುಖ್ಯವಲ್ಲವೇ?” ಎಂದರು.

ನಾನು ಎದ್ದು ಹೊರಗೆ ಬಂದು ಜಗುಲಿಯ ಬೆಂಚಿನ ಮೇಲೆ ಕೂತೆ. ಈಗ ಬರೆಯುವುದನ್ನು ನಾನು ಚೌಡೇಶ್ವರಿಯ ಮುಂದೆಯೂ ಬಾಯಿ ಬಿಟ್ಟು ಹೇಳಿಲ್ಲ. ನಿನಗೆ ಹೇಳುತ್ತೇನೆ. ಆ ಬೆಂಚಿನ ಮೇಲೆ ನನಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ಮುಖ ಸೊಟ್ಟಗಾದರೆ ಇವಳನ್ನು ಯಾರು ಮದುವೆಯಾಗುತ್ತಾರೆ? ಬೆಟ್ಟದ ಮೇಲಿನ ಆ ಆಫೀಸಿನವರ ಹೆಂಡಿರ ಮಧ್ಯೆ ಶಾರದ ಇವಳನ್ನು ಹೇಗೆ ಕರೆದುಕೊಂಡು ಓಡಾಡುತ್ತಾಳೆ? ಗಂಡುಮಕ್ಕಳಿಬ್ಬರಿದ್ದಾರೆ ಅವಳಿಗೆ. ಇವಳು ನನ್ನ ಹತ್ತಿರವೇ ಉಳಿಯುತ್ತಾಳೆ. ಹೀಗೆ ಅನ್ನಿಸಿತು. ಅನ್ನಿಸಿದ್ದಷ್ಟೇ ಅಲ್ಲ, ಒಂದು ಗಳಿಗೆ ಅದರಲ್ಲಿ ಸಮಾಧಾನವೂ ಸಿಕ್ಕಿತು. ಬಿಸಿಲಲ್ಲಿ ನಡೆದು ಬಂದವಳಿಗೆ ನೆರಳು ಸಿಕ್ಕ ಹಾಗೆ.

ರುಕ್ಕು ಜಗುಲಿಯ ಆ ತುದಿಯಲ್ಲಿ ಕಾಲಿಗೆ ಬ್ಯಾಂಡೇಜು ಕಟ್ಟಿಸಿಕೊಂಡ ಒಬ್ಬ ಮುದುಕನ ಮುಂದೆ ನಿಂತಿದ್ದಳು. ಡಾಕ್ಟರು ಮಾಡಿಸಿದ್ದನ್ನೆಲ್ಲ ಅವನಿಗೆ ಮಾಡಿ ತೋರಿಸುತ್ತಿದ್ದಳು. ಕಣ್ಣು ಬಿಗಿದಳು, ಕೆನ್ನೆ ಎರಡೂ ಬಲೂನಿನ ಹಾಗೆ ಉಬ್ಬಿಸಿದಳು, ಹಲ್ಲು ಕಿರಿದಳು. ಮುದುಕನೂ ಬೊಚ್ಚುಬಾಯಲ್ಲಿ ಹಲ್ಲು ಕಿರಿಯಲು ಹೋದಾಗ ನಿನ್ನ ಭಾವ ಎಷ್ಟೋ ದಿನದ ಮೇಲೆ ಜೋರಾಗಿ ನಕ್ಕರು. ನಾನು ನೋಡುತ್ತ ಕೂತಿದ್ದೆ. ಆ ಮುಖದಲ್ಲಿ ಒಂದು ಕಡೆ ಇನ್ನು ಆಡುವುದಿಲ್ಲ. ಅದು ಆಡದಿರುವುದು ನನ್ನ ಎರಡು ಮಾತಿನಿಂದ.

ಎದ್ದು ಮತ್ತೆ ಒಳಗೆ ಹೋದೆ. ಬೇರೆ ರೋಗಿ ಕೂತಿದ್ದರು, ಕಾಯಲಿಲ್ಲ. “ಅಯ್ಯಾ, ನಾನು ಅವಳ ತಾಯಿಯಲ್ಲ” ಎಂದೆ. “ಹೆತ್ತವಳು ನನ್ನ ತಂಗಿ, ವಾಲ್ಪಾರೈ ಬೆಟ್ಟದಲ್ಲಿದ್ದಾಳೆ. ಗಂಟು ಎರಡು ತಿಂಗಳದ್ದಲ್ಲ, ಐದು ವರ್ಷದ್ದು. ಅವಳು ಕಾಗದದಲ್ಲಿ ಬರೆದಿದ್ದಳು, ನಾನು ಮುಚ್ಚಿಟ್ಟೆ.”

ಅವರು ಬಯ್ಯಲಿಲ್ಲ. “ಆ ಕಾಗದ ಇದೆಯಾ?” ಎಂದು ಕೇಳಿದರು. ಇದೆ ಎಂದೆ. ತನ್ನಿ ಎಂದರು. ಬಾಯಲ್ಲಿ ಎರಡು ಥರ ಹೇಳಿದವಳನ್ನು ನಂಬುವುದು ಹೇಗೆ, ಪಾಪ.

ಮರುದಿನ ತಗೊಂಡು ಹೋದೆ. ಡಾಕ್ಟರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ತೆಲುಗಾ ಎಂದು ಕೇಳಿದರು. ಕನ್ನಡ ಎಂದೆ. ಆ ಆಸ್ಪತ್ರೆಯಲ್ಲಿ ಓದುವವರು ಯಾರೂ ಸಿಗಲಿಲ್ಲ. “ನೀವೇ ಓದಿ ತಮಿಳಿನಲ್ಲಿ ಹೇಳಿ” ಎಂದರು. ನಾನು ಏನು ಓದಿ ಹೇಳಿದರೂ ಅಲ್ಲಿ ಅದೇ ಕಾಗದದ ಮಾತಾಗುತ್ತಿತ್ತು. ಬೇಕಿದ್ದರೆ ನಿನ್ನ ಮೇಲೆ ತಪ್ಪು ಹೊರಿಸಬಹುದಿತ್ತು. ತೇದಿಯಿಂದ ಹಿಡಿದು ಒಂದೊಂದು ಸಾಲನ್ನೂ ಇದ್ದ ಹಾಗೆ ಹೇಳಿದೆ. ಎರಡು ವರ್ಷಕ್ಕೆ ಹೆಸರುಕಾಳು, ನಾಲ್ಕಕ್ಕೆ ಕಡಲೆಕಾಳು, ಈಗ ನೆಲ್ಲಿಕಾಯಿ. ಡಾಕ್ಟರು ಪ್ರತಿಯೊಂದನ್ನೂ ಬರೆದುಕೊಂಡರು. ಒತ್ತಿದರೆ ಜಾರುತ್ತದೆ ಎನ್ನುವಲ್ಲಿ ಇನ್ನೊಂದು ಸಲ ಹೇಳಿಸಿದರು. ಕೊನೆಗೆ ಪೆನ್ನು ಕೆಳಗಿಟ್ಟು, “ಈ ಕಾಗದ ಬರೆದ ತಾಯಿ ಅರ್ಧ ರೋಗವನ್ನು ಅವರೇ ಕಂಡುಹಿಡಿದಿದ್ದಾರೆ” ಎಂದರು.

ನನಗೆ ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಶಾರದಾ. ಮಗುವಿನ ಮುಖ ಉಳಿಯುತ್ತದೆ ಎಂದು ತಿಳಿದ ಆ ಗಳಿಗೆಯಲ್ಲೂ, ಕೊಯಮತ್ತೂರಿನ ದೊಡ್ಡ ಡಾಕ್ಟರು ನೋಡದೆಯೇ ನಿನ್ನನ್ನು ಹೊಗಳಿದರಲ್ಲ ಎಂದು ಎದೆಯೊಳಗೆ ಚುರುಕ್ ಎಂದಿತು. ಮರಳಿನ ಮೇಲೆ ಅಕ್ಷರ ಬರೆಯುತ್ತ ಕೂತ ಹುಡುಗಿಯೇ ಆಗಿದ್ದೆ ನಾನು ಆಗಲೂ.

ದೀಪಾವಳಿ ಕಳೆದ ಮೇಲೆ ಆಪರೇಷನ್ ಎಂದು ಗೊತ್ತುಮಾಡಿದರು. ನಿನ್ನ ಭಾವ, ಶಾರದೆಗೆ ಬರೆದೆಯಾ ಎಂದು ಕೇಳಿದರು. ಬರೆದೆ ಎಂದೆ. ಬರೆದಿರಲಿಲ್ಲ. ಬರೆದಿದ್ದರೆ ನೀನು ಬರುತ್ತಿದ್ದೆ. ಬಂದಿದ್ದರೆ ಮಂಚದ ಪಕ್ಕದಲ್ಲಿ ನೀನು ಕೂರುತ್ತಿದ್ದೆ, ನಾನು ಗಂಜಿ ಪಾತ್ರೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಆ ಜಾಗ ಬಿಟ್ಟುಕೊಡಲು ಆಗಲಿಲ್ಲ.

ಕ್ಲೋರೋಫಾರಂ ಕೊಡಲು ಕರೆದುಕೊಂಡು ಹೋಗುವಾಗ ರುಕ್ಕು ಅಳಲಿಲ್ಲ. ಜಡೆ ಬಿಚ್ಚಿ ಬಲಗಡೆ ಕೂದಲು ತೆಗೆದದ್ದಕ್ಕೆ ಮಾತ್ರ ಸಿಟ್ಟಾಗಿದ್ದಳು. ಎರಡೂವರೆ ಗಂಟೆ ಹಿಡಿಯಿತು. ನಿನ್ನ ಭಾವ ಹೊರಗೆ ಬೇವಿನ ಮರದ ಕೆಳಗೆ ನಿಂತೇ ಇದ್ದರು. ಡಾಕ್ಟರು ಬಂದಾಗ ಅವರ ಅಂಗಿ ಬೆವರಿಗೆ ಅಂಟಿತ್ತು. ಗಂಟು ತನ್ನ ಪೊರೆಯೊಳಗೆ ಇಡಿಯಾಗಿ ಬಂತು, ನರವನ್ನು ಒಂದೊಂದು ಎಳೆಯಾಗಿ ಬಿಡಿಸಿ ಉಳಿಸಿದೆ ಎಂದರು. ನೂಲಿನ ಸಿಕ್ಕು ಬಿಡಿಸಿ ಗೊತ್ತಿರುವ ನಿನ್ನ ಭಾವನಿಗೆ ಅದು ಅರ್ಥವಾಯಿತು. ಡಾಕ್ಟರ ಕೈ ಹಿಡಿದುಕೊಂಡು ಅತ್ತುಬಿಟ್ಟರು.

ರುಕ್ಕು ಕಣ್ಣು ಬಿಟ್ಟಾಗ ಮೊದಲು ಯಾರನ್ನು ಕರೆಯುತ್ತಾಳೆ ಎಂದು ನಾನು ಉಸಿರು ಹಿಡಿದು ಕಾದಿದ್ದೆ. ನಾಚಿಕೆ ಇಲ್ಲದೆ ಹೇಳುತ್ತೇನೆ, ದೇವರಿಗೆ ಹರಕೆಯನ್ನೂ ಹೊತ್ತಿದ್ದೆ. ಅವಳು ನನ್ನನ್ನು ಕರೆಯಲಿಲ್ಲ, ನಿನ್ನನ್ನೂ ಕರೆಯಲಿಲ್ಲ. ಬ್ಯಾಂಡೇಜಿನ ಮಧ್ಯದಿಂದ ಪಕ್ಕದ ಮಂಚದ ಅಜ್ಜಿಯನ್ನು ನೋಡಿ, “ಆ ಪಾಟಿಯ ಹತ್ತಿರ ಕಿತ್ತಳೆ ಹಣ್ಣಿದೆ” ಎಂದಳು.

ಹನ್ನೆರಡು ದಿನ ಕೆಳತುಟಿ ಬಲಗಡೆ ಸ್ವಲ್ಪ ಎಳೆದ ಹಾಗಿತ್ತು. ನರಕ್ಕೆ ಆಯಾಸವಾಗಿದೆ, ಸರಿಹೋಗುತ್ತದೆ ಎಂದಿದ್ದರು, ಹೋಯಿತು. ಈಗ ಕೆನ್ನೆ ಉಬ್ಬಿಸಿದರೆ ಎರಡೂ ಕಡೆ ಸಮ. ಕಿವಿಯ ಮುಂದಿನಿಂದ ಹಿಂದಕ್ಕೆ ತಿರುಗಿ ಕತ್ತಿನವರೆಗೆ ಒಂದು ಗೀರು ಉಳಿದಿದೆ, ಕೂದಲು ಬೆಳೆದರೆ ಅರ್ಧ ಮುಚ್ಚುತ್ತದೆ. ಮದ್ರಾಸಿನವರು ಗಂಟನ್ನು ತೆಳುವಾಗಿ ಸೀಳಿ ಭೂತಗನ್ನಡಿಯ ಯಂತ್ರದಲ್ಲಿ ನೋಡಿ, ಇದು ಹರಡುವಂಥದ್ದಲ್ಲ, ಎರಡು ಮೂರು ಬಗೆ ಬೆರೆತು ಆದ ಮಿಶ್ರ ಗಂಟು ಎಂದು ಬರೆದಿದ್ದಾರೆ. ಆದರೂ ಎಷ್ಟೋ ವರ್ಷದ ಮೇಲೆ ಅದೇ ಜಾಗದಲ್ಲಿ ಮತ್ತೆ ಬರುವುದುಂಟಂತೆ. ವರ್ಷಕ್ಕೊಂದು ಸಲ ಡಾಕ್ಟರ್ ದೇವರಾಜನ್ ಅವರಿಗೆ ತೋರಿಸಬೇಕು. ಹೆತ್ತ ತಾಯಿಯನ್ನು ಕರೆದುಕೊಂಡು ಬನ್ನಿ, ನೋಡಬೇಕು ಎಂದಿದ್ದಾರೆ.

ತೈ ತಿಂಗಳವರೆಗೆ ಕಾಯಬೇಡ. ಈ ಕಾಗದ ಸಿಕ್ಕ ಕೂಡಲೇ ಇಳಿದು ಬಾ. ಮೊದಲು ನಿನ್ನ ಕೈಯಾರೆ ಆ ಗೀರು ಮುಟ್ಟಿ ನೋಡು, ಆಮೇಲೆ ನನಗೆ ಏನು ಬಯ್ಯಬೇಕೋ ಬಯ್ಯಿ. ವಾಪಸು ಹೋಗುವಾಗ ನಾನೇ ಪೊಳ್ಳಾಚಿಯವರೆಗೆ ಬಂದು ನಿಮ್ಮಿಬ್ಬರನ್ನೂ ಬಸ್ಸು ಹತ್ತಿಸುತ್ತೇನೆ. ಅವಳು ಈಗ ಬಾಳೆಹಣ್ಣು ತಿನ್ನುತ್ತಾಳೆ, ಏನೂ ಆಗುವುದಿಲ್ಲ. ಕೈ ಹಿಡಿದುಕೊಂಡು ಮಲಗುವುದು ಬಿಟ್ಟು ಎರಡು ವರ್ಷವಾಯಿತು, ಈಗ ಸೆರಗಿನ ತುದಿ ಬೇಕು, ಅದೂ ಹಳೆಯ ಸೀರೆಯದು. ಬಲಮಗ್ಗುಲಿಗೆ ಮಲಗಲು ಹೆದರುತ್ತಾಳೆ. ಕಥೆ ಹೇಳುವಾಗ ನಡುವೆ ಕೇಳಿದರೆ ಮೊದಲಿನಿಂದ ಶುರು ಮಾಡುತ್ತಾಳೆ, ಕೇಳಬೇಡ. ಇವು ನಿನಗೆ ತಿಳಿಯದ ಸಂಗತಿಗಳು. ಬರೆಯುವಾಗ ನನಗೆ ಸ್ವಲ್ಪ ಹೆಮ್ಮೆಯಾಗುತ್ತಿದೆ, ಅದನ್ನೂ ಮುಚ್ಚಿಡುವುದಿಲ್ಲ.

ತಿರುಮಲೈಸಾಮಿಯವರಿಗೆ ನಮಸ್ಕಾರ ಹೇಳು. ಅವರಿಗೆ ಎಷ್ಟು ಹೇಳಬೇಕೋ ಅಷ್ಟು ಹೇಳು. ಗಂಡುಮಕ್ಕಳಿಬ್ಬರಿಗೂ ಈ ದೊಡ್ಡವ್ವನ ಮುತ್ತು.

ನಿನ್ನ ಒಡಹುಟ್ಟಿದವಳು,
ಸುಬ್ಬಾತಾಳ್

ಮತ್ತೊಂದು ಮಾತು: ಇದನ್ನು ಬರೆಯದೆ ಲಕೋಟೆ ಅಂಟಿಸಲು ನೋಡಿದೆ, ಆಗಲಿಲ್ಲ. ಆಪರೇಷನ್ನಿಗೆ ನಿನ್ನ ಭಾವನ ಹೆಬ್ಬೆಟ್ಟು ಸಾಲದು, ಹೆತ್ತವರ ಒಪ್ಪಿಗೆ ಬೇಕು, ಕಾಗದ ತರಿಸಿ ಎಂದು ಡಾಕ್ಟರು ಹೇಳಿದ್ದರು. ಬೆಟ್ಟಕ್ಕೆ ಟಪಾಲು ಹೋಗಿ ಬರುವಷ್ಟು, ಎಂಟು ದಿನ ಸುಮ್ಮನಿದ್ದು, ಒಪ್ಪಿಗೆಯ ಕಾಗದವನ್ನು ನಿನ್ನ ಹೆಸರಲ್ಲಿ ನಾನೇ ಬರೆದೆ. ಅಲ್ಲಿ ಯಾರಿಗೂ ಗುರುತು ಹತ್ತುತ್ತಿರಲಿಲ್ಲ, ಆದರೂ ನಿನ್ನ ಹಾಗೆ ದುಂಡಗೆ ಬರೆಯಲು ಮೂರು ಹಾಳೆ ಹಾಳು ಮಾಡಿದೆ. ಅದನ್ನು ಮನೆಯಲ್ಲಿ ಓದಿ ಹೇಳಿದಾಗ ನಿನ್ನ ಭಾವ, “ಶಾರದೆಯದು ಎಷ್ಟು ದೊಡ್ಡ ಮನಸ್ಸು” ಎಂದರು. ನಾನೇ ಬರೆದ ಶಾರದೆಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಆಪರೇಷನ್ ಆದ ಮೇಲೆ ಡಾಕ್ಟರು ಹಿಂದಕ್ಕೆ ಕೊಟ್ಟ ಆ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ಕೊನೆಯಲ್ಲಿ ಒಂದು ಸಾಲಿದೆ, ಅದನ್ನು ಡಾಕ್ಟರಿಗಾಗಲಿ ನಿನ್ನ ಭಾವನಿಗಾಗಲಿ ಓದಿ ಹೇಳಲಿಲ್ಲ: “ಅಕ್ಕ, ಅವಳು ನಿನಗೂ ಮಗಳು.”